ಅಯಾನಯವೂ ಪಾಶಕಗಳ ನಡೆಯೂ

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಐದನೆಯ ಅಧ್ಯಾಯ ಎರಡನೆಯ ಪಾದದ ಒಂಬತ್ತನೆಯ ಸೂತ್ರದಿಂದ ‘ಅಯಾನಯೀನ’ ಎಂಬ ಪದವು ಸಿದ್ಧವಾಗುತ್ತದೆ. ಅದು ದ್ಯೂತದ ಕಾಯಿಗೆ ಸಲ್ಲುವ ವಿಶೇಷಣ. ಪತಂಜಲಿಯ ವಿವರಣೆಯಂತೆ ಬಲಸುತ್ತಿನ ನಡೆ ಅಯ, ಎಡಸುತ್ತಿನ ನಡೆ ಅನಯ. ಹೀಗೆ ಇದಿರುಬದಿರಾಗಿ ಸಾಗುವ ಕಾಯಿಗಳಲ್ಲಿ ಪ್ರತಿಪಕ್ಷಕ್ಕೆ ಪ್ರವೇಶವಿಲ್ಲದ ನೆಲೆಯೇ ಅಯಾನಯ. ಕನ್ನಡನಾಡಿನ ನಾಲ್ಕು ತೋಳಿನ ಪಗಡೆಯಲ್ಲಿ ಎಲ್ಲರ ಕಾಯಿಗಳೂ ಒಂದೇ ದಿಕ್ಕಿಗೆ ಸುತ್ತುವುದರಿಂದ ಈ ಲಕ್ಷಣವು ಅದಕ್ಕೆ ಪೂರ್ಣವಾಗಿ ಹೊಂದದು. ಪಾರಸಿಕರ ನರ್ದಿಗೂ ಇಂದಿನ ಬ್ಯಾಕ್‌ಗ್ಯಾಮನ್ನಿಗೂ ಚೆನ್ನಾಗಿ ಹೊಂದುತ್ತದೆ. ಇಷ್ಟರಿಂದಲೇ ಆಟಗಳು ಒಂದೇ ಎನ್ನಲಾಗದು. ತತ್ತ್ವವು ಒಂದೇ ಎನ್ನಬಹುದು.

ಸೇಡಂ, ಚಿಂಚೋಳಿ, ಚಿತ್ತಾಪುರಗಳ ಸೀಮೆಗೆ ಈ ವಿಚಾರವು ಪರಕೀಯವಲ್ಲ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದಲ್ಲಿ ವೇದಶಾಸ್ತ್ರಗಳ ಪಾಠವೂ ಸರಸ್ವತೀಭಂಡಾರವೂ ಇದ್ದುದನ್ನು ಕ್ರಿ.ಶ. ೧೦೫೮ರ ಶಾಸನವು ತಿಳಿಸುತ್ತದೆ. ಸಮೀಪದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಭೂಲೋಕಮಲ್ಲ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದ ಕೊನೆಯ ವಿಂಶತಿಯಲ್ಲಿ ಚತುರಂಗ, ವರಾಟಕಗಳ ಜೊತೆಗೆ ಪಾಶಕಕ್ರೀಡೆಗೂ ಸ್ಥಾನವುಂಟು. ಧರ್ಮಶಾಸ್ತ್ರಕಾರರು ದ್ಯೂತವನ್ನು ಎಷ್ಟು ಹಳಿದರೂ ಅರಸನಿಗೆ ಅದನ್ನು ಬಿಡಲಾಗಲಿಲ್ಲ.

ಇನ್ನು ಆಟದ ನಡೆ. ವಾಡಿ, ಶಹಾಬಾದುಗಳ ಕಡೆಯ ಮನೆಗಳಲ್ಲಿ ಹಾಸುಗಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ೨೪ ಮನೆಗಳನ್ನು ಬರೆದುಕೊಂಡರೆ ಹಲಗೆಯೇ ಬೇಡ. ಒಬ್ಬೊಬ್ಬರಿಗೆ ೧೫ ಕಾಯಿಗಳು, ದಾಳಗಳು ಎರಡು. ಪ್ರತಿಪಕ್ಷದ ಎರಡು ಅಥವಾ ಹೆಚ್ಚು ಕಾಯಿಗಳಿರುವ ಮನೆಯು ಮುಚ್ಚಿದ ಮನೆ, ಅದೇ ಅಯಾನಯ. ಒಂದೇ ಕಾಯಿಯನ್ನು ಎರಡು ದಾಳಗಳಿಂದಲೂ ನಡೆಸುವುದಾದರೆ ನಡುವೆ ನಿಲ್ಲುವ ಮನೆಯೂ ತೆರೆದಿರಬೇಕು.

ಎರಡರಲ್ಲಿ ಒಂದಕ್ಕೆ ಮಾತ್ರ ದಾರಿಯಿದ್ದಾಗ ಏನು ಮಾಡತಕ್ಕದ್ದು? ಜಗಳ ಹುಟ್ಟುವುದು ಇಲ್ಲಿಯೇ, ಪಣವಿದ್ದರಂತೂ ಹೇಳುವುದೇ ಬೇಡ. ಇಂದಿನ ಆಟಕ್ಕೆ ಆಧಾರವಾದ ನಿಯಮಾವಳಿಯು ೧೯೩೧ರಲ್ಲಿ ನ್ಯೂಯಾರ್ಕಿನ ರ‍್ಯಾಕೆಟ್ ಅಂಡ್ ಟೆನಿಸ್ ಕ್ಲಬ್ಬಿನಲ್ಲಿ ಸಿದ್ಧವಾಯಿತು. ಇಂದಿನ ನಿಯಮದ ಮರ್ಮವನ್ನು ಮೀಮಾಂಸಕರ ಮಾತಿನಲ್ಲಿ ಹೇಳುವುದು ಸುಲಭ. ಎರಡು ದಾಳಗಳೂ ಎರಡು ವಿಧಿಗಳಿದ್ದಂತೆ. ಎರಡನ್ನೂ ನಡೆಸಲು ಯಾವುದಾದರೊಂದು ಮಾರ್ಗವಿದ್ದರೆ ಸಮುಚ್ಚಯವೇ ಕರ್ತವ್ಯ. ಆಟಗಾರನಿಗೆ ನಷ್ಟವಾದರೂ ಆ ಮಾರ್ಗವನ್ನೇ ಹಿಡಿಯಬೇಕು.

ಉದಾಹರಣೆಗೆ, ತನ್ನ ಕಡೆಯಿಂದ ಎಣಿಸಿದ ೨೪ನೆಯ ಮತ್ತು ೧೫ನೆಯ ಮನೆಗಳಲ್ಲಿ ಒಬ್ಬನ ಒಂದೊಂದು ಕಾಯಿಯಿದೆ. ಉಳಿದವು ೧ನೆಯ ಮನೆಯಲ್ಲಿದ್ದು ಅಲುಗುವಂತಿಲ್ಲ. ೨೩, ೧೭, ೧೪ ಈ ಮನೆಗಳು ಮುಚ್ಚಿವೆ. ಬಿದ್ದುದು ಆರು ಮತ್ತು ಒಂದು. ಮೊದಲೇ ಒಂದನ್ನು ನಡೆಸಲು ಎಲ್ಲಿಯೂ ಎಡೆಯಿಲ್ಲ. ೨೪ರ ಕಾಯಿಯನ್ನು ಆರರಿಂದ ೧೮ಕ್ಕೆ ತಂದರೆ ಮುಂದಿನ ಒಂದಕ್ಕೆ ೧೭ ಅಡ್ಡ. ೧೫ರ ಕಾಯಿಯನ್ನು ೯ಕ್ಕೆ ತಂದರೋ, ೮ನೆಯ ಮನೆ ತೆರೆದಿದೆ. ಆದುದರಿಂದ ಎರಡನೆಯದೇ ನ್ಯಾಯವಾದ ನಡೆ. ಹಿಂದುಳಿದ ಕಾಯಿಯನ್ನು ಬಿಡಿಸಿಕೊಳ್ಳುವ ಆಸೆಯಿಂದ ಮೊದಲನೆಯದನ್ನು ಆಡಿ, ‘ಒಂದಕ್ಕೆ ದಾರಿಯಿಲ್ಲ’ ಎನ್ನುವುದು ಸಲ್ಲದು.

ಸಮುಚ್ಚಯವು ಅಸಾಧ್ಯವಾಗಿ, ಬೇರೆಬೇರೆಯಾಗಿ ಎರಡಕ್ಕೂ ದಾರಿಯಿದ್ದರೆ? ೨೪ರಲ್ಲಿ ಒಂದೇ ಕಾಯಿ. ಆರು ಮತ್ತು ಐದು ಬಿದ್ದಿವೆ. ೧೮, ೧೯ ತೆರೆದಿವೆ, ೧೩ ಮುಚ್ಚಿದೆ. ಇಲ್ಲಿ ವಿಕಲ್ಪವು ಪ್ರಾಪ್ತವಾಯಿತೆಂದು ತೋರುತ್ತದೆ. ಆದರೆ ವಿಕಲ್ಪಕ್ಕೆ ಎಂಟು ದೋಷಗಳನ್ನು ಮೀಮಾಂಸಕರು ಹೇಳುವರಷ್ಟೆ! ಆಟದ ನಿಯಮವೂ ಅದನ್ನು ಒಪ್ಪದೆ, ದೊಡ್ಡ ಸಂಖ್ಯೆಯನ್ನೇ ನಡೆಸಬೇಕೆಂದು ವಿಧಿಸುತ್ತದೆ. ಕಾಯಿಯು ೧೮ಕ್ಕೇ ಹೋಗಬೇಕು, ಅಲ್ಲಿ ಪೆಟ್ಟು ಬೀಳುವಂತಿದ್ದರೂ ಸರಿಯೆ. ಚಿಕ್ಕದಕ್ಕೆ ಮಾತ್ರ ಎಡೆಯಿದ್ದರೆ ಚಿಕ್ಕದು. ಯಾವುದಕ್ಕೂ ಇಲ್ಲದಿದ್ದರೆ ಸರದಿಯು ಹೋಗುತ್ತದೆ. ಎರಡೂ ದಾಳಗಳಲ್ಲಿ ಒಂದೇ ಸಂಖ್ಯೆ ಬಿದ್ದಾಗ ನಾಲ್ಕು ನಡೆಗಳಲ್ಲಿ ಸಾಧ್ಯವಾದಷ್ಟನ್ನೂ ಆಡಬೇಕು.

ಹೊಡೆಸಿಕೊಂಡ ಕಾಯಿಯನ್ನು ಮರಳಿ ಹೊಗಿಸುವಾಗಲೂ ಇದೇ ಕ್ರಮ. ಎರಡು ದಾಳಗಳಿಂದಲೂ ಹೊಗಬಹುದಾಗಿದ್ದು, ಹೊಕ್ಕ ಮೇಲೆ ಮಿಕ್ಕ ದಾಳಕ್ಕೆ ಯಾವ ಕಾಯಿಯಿಂದಲೂ ನಡೆಯಿಲ್ಲವೆಂದಾದರೆ, ದೊಡ್ಡ ಸಂಖ್ಯೆಯಿಂದಲೇ ಹೊಗಬೇಕು.