ಬಿನ್ನಹವೆಂಬುದು ಭಿಕ್ಷೆಯಲ್ಲ

ಹಳ್ಳಿಗೆ ಹಿಂದಿರುಗಿದ ನಿವೃತ್ತ ಅಧ್ಯಾಪಕನಿಗೆ ಒಂದು ಉದ್ಯೋಗ ತಾನಾಗಿಯೇ ಒದಗಿಬರುತ್ತದೆ. ಅದು ಅರ್ಜಿ ಬರೆದುಕೊಡುವ ಉದ್ಯೋಗ. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಬೈಂದೂರಿಗೆ ಅಂಟಿಕೊಂಡಿರುವ ನನ್ನೂರು ಯಡ್ತರೆಗೆ ಮರಳಿದಾಗ, ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಕೇಳಲು ಯಾರಾದರೂ ಬಂದಾರೆಂದು ನಾನು ಒಳಗೊಳಗೇ ಆಸೆಪಟ್ಟದ್ದುಂಟು. ಬಂದವರೆಲ್ಲ ಕೈಯಲ್ಲೊಂದು ಕಾಗದ ಹಿಡಿದು, "ಮಾಷ್ಟ್ರೆ, ಇದೊಂದ್ ಬರ್ದ್ ಕೊಡಿ" ಎಂದೇ ಬಂದರು. ಅಂಥ ಒಂದು ಅರ್ಜಿಯ ಕಥೆಯನ್ನು ಇಂದು ತಮ್ಮ ಮುಂದಿಡುತ್ತೇನೆ. ಆ ಅರ್ಜಿ ಮೊದಲ ಸಲ ಸೋತಿತು. ಸೋಲಿಗೆ ಬರೆದುಕೊಟ್ಟ ನಾನೂ ಒಂದು ಕಾರಣ.

ನಮ್ಮ ನೆರೆಯಲ್ಲಿ ತೆಂಗಿನ ಮರ ಹತ್ತಿ ಕಾಯಿ ಕೀಳುವವನೊಬ್ಬನಿದ್ದ. ಕೆಲವು ವರ್ಷಗಳ ಹಿಂದೆ, ಆಸಾಡಿಯ ಮಳೆಗೆ ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದ. ಜೀವವೇನೋ ಉಳಿಯಿತು, ಬಲಗಾಲಿನ ಬಲ ಹೋಯಿತು. ವರ್ಷ ಕಳೆದರೂ ಕೋಲಿಲ್ಲದೆ ಅಂಗಳ ದಾಟಲಾರದವನಾದ. ಸರ್ಕಾರದ ಅಂಗವಿಕಲ ವೇತನಕ್ಕೆ ಅರ್ಜಿ ಹಾಕಬೇಕೆಂದು ಅವನ ಹೆಂಡತಿ ನಮ್ಮ ಜಗಲಿಗೆ ಬಂದಳು. ವೇತನಕ್ಕೆ ಮೊದಲು ವೈಕಲ್ಯದ ಪ್ರಮಾಣಪತ್ರ ಬೇಕು, ಅದಕ್ಕೆ ಯುಡಿಐಡಿ ಕಾರ್ಡಿನ ಅರ್ಜಿಯನ್ನು ಕಂಪ್ಯೂಟರಿನಲ್ಲಿ ಸಲ್ಲಿಸಬೇಕು. ಆ ಕೆಲಸವನ್ನು ಪೇಟೆಯ ಅಂಗಡಿಯ ಹುಡುಗ ಮಾಡಿದ. ಜೊತೆಗೆ ವೈದ್ಯರಿಗೆಂದು ನಾನೊಂದು ಪತ್ರ ಬರೆದೆ. ಎರಡು ಪುಟ. ಅದರಲ್ಲಿ ಅವನ ಬಡತನವಿತ್ತು, ಪ್ರಾಮಾಣಿಕತೆಯಿತ್ತು, ಹೆಣ್ಣುಮಕ್ಕಳ ಮದುವೆಯ ಚಿಂತೆಯಿತ್ತು, ಕೊನೆಗೆ ಕರುಣೆಗೆ ಒಂದು ಮೊರೆಯಿತ್ತು. ಅವನಿಗೆ ಏನೇನು ಮಾಡಲಾಗುವುದಿಲ್ಲವೆಂಬ ಒಂದು ವಾಕ್ಯವೂ ಇರಲಿಲ್ಲ.

ವೈದ್ಯರು ಕಾಲನ್ನು ಪರೀಕ್ಷಿಸಿದರು. ಶೇಕಡ 35 ಎಂದು ಬರೆದರು. ವೇತನ ದೊರೆಯಬೇಕಾದರೆ ಕನಿಷ್ಠ ಶೇಕಡ 40 ಇರಬೇಕು. ನಮ್ಮ ರಾಜ್ಯದಲ್ಲಿ 40ರಿಂದ 74ರವರೆಗೆ ಒಂದು ದರ, 75 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಇನ್ನೊಂದು. ಐದು ಅಂಕ ಕಡಿಮೆ ಬಿದ್ದು ವೇತನದ ಅರ್ಜಿ ತಿರಸ್ಕೃತವಾಯಿತು. ಕಚೇರಿಯಿಂದ ಒಂದು ಹಿಂಬರಹ ಬಂತು.

'ಹಿಂಬರಹ' ಎಂಬುದು ಒಳ್ಳೆಯ ಕನ್ನಡ ಮಾತು. ಅರ್ಜಿಯ ಬೆನ್ನಿನ ಮೇಲೆ ಬರೆದುಕೊಡುವ ಉತ್ತರ ಅದು. ಅದನ್ನು ಕಂಡ ಕೂಡಲೇ ನಮ್ಮ ಜನ ಕಾಗದವನ್ನು ಮಡಿಸಿ ದೇವರ ಕೋಣೆಯ ಗೂಡಿನಲ್ಲಿಟ್ಟುಬಿಡುತ್ತಾರೆ. ಆದರೆ ಬಾಯಿಮಾತಿನಲ್ಲಿ "ಆಗುವುದಿಲ್ಲ, ಹೋಗಿ" ಎಂದದ್ದಕ್ಕೆ ಮೇಲ್ಮನವಿಯಿಲ್ಲ, ಬರೆದುಕೊಟ್ಟದ್ದಕ್ಕೆ ಇದೆ. ಆದಕಾರಣ ನಿರಾಕರಣೆಯನ್ನು ಬರಹದಲ್ಲಿ, ಕಾರಣಸಹಿತವಾಗಿ ಕೇಳಿ ಪಡೆಯಬೇಕು. ಪ್ರಮಾಣಪತ್ರ ಕೊಡಲು ಬಾರದೆಂದು ವೈದ್ಯಾಧಿಕಾರಿ ನಿರ್ಧರಿಸಿದರೂ ಕಾರಣಗಳನ್ನು ಬರಹದಲ್ಲಿ ತಿಳಿಸಬೇಕೆಂದು 2017ರ ನಿಯಮಗಳೇ ಹೇಳುತ್ತವೆ.

ಹಿಂಬರಹವನ್ನು ಓದಿದಾಗ ನನಗೊಂದು ವಿಷಯ ಸ್ಪಷ್ಟವಾಯಿತು. ವೇತನ ನಿರಾಕರಿಸಿದ ಅಧಿಕಾರಿ ತಪ್ಪು ಮಾಡಿರಲಿಲ್ಲ. ಅವರ ಮುಂದಿದ್ದ ಕಾಗದದಲ್ಲಿ 35 ಎಂದಿತ್ತು. ಅದನ್ನು 40 ಎಂದು ಓದುವ ಅಧಿಕಾರ ಅವರಿಗಿಲ್ಲ. ಅವರ ವಿರುದ್ಧ ಮೇಲಿನವರಿಗೆ ದೂರಿಕೊಂಡಿದ್ದರೆ ತಿಂಗಳುಗಳು ಕಳೆದು ಅದೇ ಉತ್ತರ ಬರುತ್ತಿತ್ತು. ಇಲ್ಲಿ ಬಾಗಿಲುಗಳು ಎರಡು: ಎಷ್ಟು ವೈಕಲ್ಯವೆಂದು ಹೇಳುವ ವೈದ್ಯರದು ಒಂದು, ವೇತನ ಕೊಡುವ ಕಂದಾಯ ಇಲಾಖೆಯದು ಇನ್ನೊಂದು. ಯಾವ ಬಾಗಿಲು ಮುಚ್ಚಿದೆಯೆಂದು ಮೊದಲು ತಿಳಿಯಬೇಕು.

ನಮ್ಮದು ಮೊದಲನೆಯ ಬಾಗಿಲು. ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. 1995ರ ಹಿಂದಿನ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದರೆ ಹೊಸದು ಇಪ್ಪತ್ತೊಂದನ್ನು ಹೆಸರಿಸಿದೆ. ಥಲಸೇಮಿಯಾ, ಪಾರ್ಕಿನ್‌ಸನ್ ರೋಗ, ಕಲಿಕೆಯ ನ್ಯೂನತೆ, ಆಸಿಡ್ ದಾಳಿಗೆ ತುತ್ತಾದವರ ವೈಕಲ್ಯ ಎಲ್ಲವೂ ಅದರಲ್ಲಿವೆ. ಇದರ 59ನೆಯ ಕಲಮಿನಂತೆ, ಪ್ರಮಾಣಪತ್ರ ಕೊಡುವ ಪ್ರಾಧಿಕಾರದ ತೀರ್ಮಾನದಿಂದ ಬಾಧಿತನಾದ ಯಾವನೇ ಆಗಲಿ, ರಾಜ್ಯ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅವಧಿ ತೊಂಬತ್ತು ದಿನ. ಹಿನ್ನೆಲೆಯನ್ನೂ ಆಧಾರಗಳನ್ನೂ ಸಂಕ್ಷೇಪವಾಗಿ ಬರೆದು, ಪ್ರಮಾಣಪತ್ರದ ಅಥವಾ ನಿರಾಕರಣೆಯ ಪತ್ರದ ಪ್ರತಿಯನ್ನು ಲಗತ್ತಿಸಬೇಕು. ಪ್ರಾಧಿಕಾರ ಅರ್ಜಿದಾರನ ಮಾತು ಕೇಳಬೇಕು. ಅರವತ್ತು ದಿನಗಳೊಳಗೆ ತೀರ್ಮಾನಿಸಬೇಕು. ನಾನು ಇದನ್ನೆಲ್ಲ ಓದಿ ತಿಳಿಯುವ ವೇಳೆಗೆ ಪ್ರಮಾಣಪತ್ರದ ತಾರೀಕಿನಿಂದ ಎಪ್ಪತ್ತು ದಿನಗಳು ಕಳೆದಿದ್ದವು.

ಆಧಾರವೆಂದು ಏನನ್ನು ಬರೆಯುವುದು? ಅವನ ಮನೆಗೆ ಹೋದೆ. ಅವನು ಚಾ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದ. ಬಲಗೈ ಮಡಿಲಲ್ಲಿತ್ತು, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅದೂ ಬಿದ್ದ ದಿನವೇ ಮುರಿದ ಮಣಿಕಟ್ಟು, ಸರಿಯಾಗಿ ಕೂಡಿಕೊಂಡಿರಲಿಲ್ಲ. ವೈದ್ಯರಿಗೆ ಕೈಯನ್ನೇಕೆ ತೋರಿಸಲಿಲ್ಲವೆಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಕಾಲ್ ಹೋಯ್ತ್ ಮಾಷ್ಟ್ರೆ, ಕೈಯೂ ಹೋಯ್ತ್ ಅಂಬುಕೆ ನಾಚ್ಕಿ ಆಯ್ತ್" ಎಂದ. ಪರೀಕ್ಷೆಯ ಹೊತ್ತಿಗೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದನಂತೆ. ಊರಿನ ಅತಿ ಎತ್ತರದ ಮರಗಳನ್ನು ಹತ್ತಿದ ಕೈ ಅದು. ತೋರಿಸಲೇಬೇಕಾದ ಒಂದೇ ಒಂದು ಗಳಿಗೆಯಲ್ಲಿ ಅವನು ಅದನ್ನು ಮುಚ್ಚಿದ. ನನ್ನ ಎರಡು ಪುಟಗಳ ಗದ್ಯವೂ ಅದನ್ನು ಮುಚ್ಚಿತ್ತು.

ಈ ಮೇಲ್ಮನವಿಯನ್ನು ನಾನು ಒಂದೇ ಪುಟದಲ್ಲಿ ಬರೆದೆ. ಬಿದ್ದ ದಿನ, ಚಿಕಿತ್ಸೆಯ ಚೀಟಿಗಳ ತಾರೀಕು, ಕೋಲಿಲ್ಲದೆ ಎಷ್ಟು ಹೆಜ್ಜೆ, ಬಲಗೈಯಲ್ಲಿ ಕೊಡಪಾನ ಎತ್ತಲಾಗದು, ಅಂಗಿಯ ಗುಂಡಿ ಹಾಕಲಾಗದು, ಅನ್ನ ಕಲಸಲಾಗದು, ಮೊದಲ ಪರೀಕ್ಷೆಯಲ್ಲಿ ಕೈಯ ವಿಷಯವನ್ನು ನಾವು ತಿಳಿಸಿರಲಿಲ್ಲ, ಆದುದರಿಂದ ಮರುಪರೀಕ್ಷೆಯಾಗಬೇಕು. ಅಷ್ಟೆ. ವಿಶೇಷಣಗಳನ್ನೆಲ್ಲ ಹೊಡೆದುಹಾಕಿದೆ. ತೊಂಬತ್ತನೆಯ ದಿನಕ್ಕೆ ಇನ್ನೂ ಒಂದು ವಾರವಿರುವಾಗ ಅದು ಸಲ್ಲಿಕೆಯಾಯಿತು.

ಮರುಪರೀಕ್ಷೆಯಲ್ಲಿ ಕಾಲಿಗೆ ಅದೇ 35 ಉಳಿಯಿತು, ಕೈಗೆ 20 ಬಂತು. ಹಾಗಾದರೆ 55 ಎಂದು ಅವನ ಮಗಳು ಸಂತೋಷಪಟ್ಟಳು. ವೈದ್ಯರ ಲೆಕ್ಕ ಹಾಗಲ್ಲ. ದೊಡ್ಡ ಅಂಕವನ್ನು ಮೊದಲು ಹಿಡಿಯಬೇಕು. ಅದನ್ನು 90ರಲ್ಲಿ ಕಳೆದು ಉಳಿದದ್ದನ್ನು ಚಿಕ್ಕ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಕ್ಕೆ ಕೂಡಿಸಬೇಕು. 90ರಲ್ಲಿ 35 ಕಳೆದರೆ 55; ಅದನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 12. ಒಟ್ಟು 47. ಎರಡನೆಯ ಪೆಟ್ಟು, ಮೊದಲನೆಯದು ಉಳಿಸಿದ ಶಕ್ತಿಯಿಂದ ಮಾತ್ರ ಕಳೆಯಬಲ್ಲದೆಂಬುದು ಇದರ ಹಿಂದಿನ ತರ್ಕ. ಹೊಸ ಪ್ರಮಾಣಪತ್ರದೊಡನೆ ಹೊಸ ಅರ್ಜಿ ಹೋಯಿತು, ವೇತನ ಮಂಜೂರಾಯಿತು. ಮೊತ್ತ ದೊಡ್ಡದಲ್ಲ. ಆದರೆ ತಿಂಗಳಿಗೊಮ್ಮೆ ಅಂಗಡಿಯವನ ಮುಂದೆ ತಲೆತಗ್ಗಿಸದಿರಲು ಸಾಕಾಗುವಷ್ಟು.

ಎರಡನೆಯ ಬಾಗಿಲು ಮುಚ್ಚಿದವರಿಗೂ ದಾರಿಯಿದೆ. ಶೇಕಡಾವಾರು ಸರಿಯಿದ್ದೂ ವೇತನದ ಅರ್ಜಿ ತಿರಸ್ಕೃತವಾದರೆ, ಇಲ್ಲವೆ ಗೊತ್ತಾದ ಅವಧಿ ಮೀರಿಯೂ ಉತ್ತರವೇ ಬಾರದಿದ್ದರೆ, 2011ರ 'ಸಕಾಲ' ಕಾಯಿದೆಯಂತೆ ಮೂವತ್ತು ದಿನಗಳೊಳಗೆ ಸಕ್ಷಮ ಅಧಿಕಾರಿಗೆ, ಅಲ್ಲಿಂದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅರ್ಜಿ ಕೊಟ್ಟಾಗ ನಾಡಕಚೇರಿಯಲ್ಲಿ ಕೊಡುವ ಸ್ವೀಕೃತಿ ಚೀಟಿ ಕಳೆಯಬಾರದು. ಅದರ ಸಂಖ್ಯೆಯೇ ಮುಂದಿನ ಎಲ್ಲ ಮಾತಿಗೂ ಆಧಾರ. ನಮ್ಮ ಬಳಿ ಇಲ್ಲದ ದಾಖಲೆಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ವಕೀಲರ ನೆರವು ಬೇಕಾದರೆ, 1987ರ ಕಾನೂನು ಸೇವೆಗಳ ಕಾಯಿದೆ ವಿಕಲಚೇತನರಿಗೆ ಅದನ್ನು ಉಚಿತವಾಗಿ ಒದಗಿಸುತ್ತದೆ. ಗ್ರಾಮ ಪಂಚಾಯತಿಗಳಲ್ಲಿ ಈ ಕೆಲಸಕ್ಕೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಬಹುಮಟ್ಟಿಗೆ ಅವರೂ ವಿಕಲಚೇತನರೇ.

ಮತ್ತೆ ಕೇಳುವುದರ ಬೆಲೆಯೇನೆಂಬುದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ನೋವಿನ ಉದಾಹರಣೆಯಿದೆ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದ ವರೆಗೆ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯಂಥ ಊರುಗಳ ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದರು. ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ನೆರವು, ಇಲ್ಲದಿದ್ದರೆ ಇಲ್ಲ. ಪಟ್ಟಿಗೆ ಸೇರಿಸಿರೆಂದು ತಾಯಂದಿರು 2019ರಲ್ಲಿ ಮಕ್ಕಳನ್ನೆತ್ತಿಕೊಂಡು ತಿರುವನಂತಪುರದವರೆಗೆ ಹೋದರು. ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲೇ ಆದೇಶಿಸಿತ್ತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಿಚಾರಿಸಿದಾಗ 3,704 ಜನರ ಪೈಕಿ ಹಣ ಪಡೆದವರು ಎಂಟೇ ಮಂದಿ. ಆ ಎಂಟು ಮಂದಿ, ಆದೇಶ ಪಾಲನೆಯಾಗಿಲ್ಲವೆಂದು ಮತ್ತೆ ನ್ಯಾಯಾಲಯದ ಬಾಗಿಲು ತಟ್ಟಿದವರು. ಉಳಿದವರ ನೋವು ಅದಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ.

ಭಾಷೆಯ ಮೇಷ್ಟ್ರಾಗಿ ಒಂದು ಮಾತು ಹೇಳದೆ ಮುಗಿಸಲಾರೆ. 'ಬಿನ್ನಹ' ಎಂಬ ನಮ್ಮ ಹಳೆಯ ಶಬ್ದ ಸಂಸ್ಕೃತದ 'ವಿಜ್ಞಾಪನ'ದ ತದ್ಭವ; ತಿಳಿಯಪಡಿಸುವುದು ಎಂದು ಅದರ ಅರ್ಥ. ಅರಬಿಯಿಂದ ಪಾರಸಿಯ ಮೂಲಕ ಬಂದ 'ಅರ್ಜಿ'ಗೂ ಮುಂದಿಡುವುದೆಂಬುದೇ ಮೂಲಾರ್ಥ. ಎರಡರಲ್ಲಿಯೂ ಬೇಡುವ ಅರ್ಥವಿಲ್ಲ. ಬೇಡುವವನು ಎದುರಿನವನ ಮನಸ್ಸನ್ನು ಕರಗಿಸಬೇಕು. ಬಿನ್ನವಿಸುವವನು ಇದ್ದದ್ದನ್ನು ಇದ್ದಂತೆ ಕಾಣಿಸಿದರೆ ಸಾಕು. ಮೂವತ್ತು ವರ್ಷ ಮಕ್ಕಳಿಗೆ ಈ ವ್ಯುತ್ಪತ್ತಿಯನ್ನು ಹೇಳಿದವನಾದರೂ, ಅದರ ಅರ್ಥ ನನಗೆ ತಿಳಿದದ್ದು ಮಡಚಲಾರದ ಆ ಐದು ಬೆರಳುಗಳ ಮುಂದೆ ಕುಳಿತಾಗ.

ಈಗ ಅವನು ಆಗಾಗ್ಗೆ ಬೇರೆಯವರನ್ನು ನಮ್ಮ ಜಗಲಿಗೆ ಕರೆತರುತ್ತಾನೆ. ನಾನು ಕಾಗದ ತೆಗೆಯುವುದಕ್ಕೆ ಮೊದಲೇ ಬಂದವರಿಗೆ ಅವನೇ ಹೇಳುತ್ತಾನೆ: "ಎಂತದೂ ಮುಚ್ಚಿಡ್ಬೇಡಿ. ಎಲ್ಲ ಹೇಳಿ." ಅಲ್ಲಿಂದ ಮುಂದಿನದನ್ನು ನಾನು ಬರೆದುಕೊಳ್ಳುತ್ತೇನೆ.