ವೇಗ ಅಳೆಯುವ ಮೊದಲು

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಇಂಟರ್‌ನೆಟ್ ಸಂಪರ್ಕವನ್ನು ಬದಲಾಯಿಸಿದೆವು. ಮಗಳು ಪ್ರವೇಶ ಪರೀಕ್ಷೆಗೆಂದು ಆನ್‌ಲೈನಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಪರದೆ ನಿಂತುಹೋಗಿ, ಬರೆದ ಉತ್ತರಗಳೆಲ್ಲ ಅಳಿದು, ಅವಳು ಕಣ್ಣೀರು ಹಾಕಿದ್ದೇ ಇದಕ್ಕೆ ಕಾರಣ. ಹಳೆಯದು ತಾಮ್ರದ ತಂತಿ, ಹೊಸದು ಫೈಬರ್.

ಅವಳ ಕೋಣೆಯಲ್ಲಿ ಅಳೆದಾಗ ಹಳೆಯದರ ವೇಗ 4 ಎಂಬಿಪಿಎಸ್ ಇತ್ತು. 2023ರಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2 ಸಾಕು. ಆದುದರಿಂದ ಕಾನೂನಿನ ಲೆಕ್ಕದಲ್ಲಿ ಅದು ತೇರ್ಗಡೆ! ಹೊಸಬರು 100ರ ಮಾತು ಕೊಟ್ಟರು. ಅದೇ ಕೋಣೆಯಲ್ಲಿ ಅಳೆದರೆ ಬರೇ 9. ದುಡ್ಡು ಹೊಳೆಗೆ ಹೋಯಿತೆಂದು ಮನೆಯಾಕೆ ಗೊಣಗಿದಳು.

ಲ್ಯಾಪ್‌ಟಾಪನ್ನು ರೂಟರಿಗೆ ತಂತಿಯಿಂದಲೇ ಜೋಡಿಸಿ ನೋಡಿದೆ. 94 ತೋರಿಸಿತು! ಕಳ್ಳ ಮನೆಯೊಳಗೇ ಇದ್ದ. ರೂಟರಿಗೂ ಕೋಣೆಗೂ ನಡುವೆ ಎರಡು ದಪ್ಪ ಮುರಕಲ್ಲಿನ ಗೋಡೆಗಳು. ವೈಫೈಯ 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ; 2.4ರದ್ದು ದೂರ ಹೋಗುತ್ತದೆ, ಆದರೆ ನಿಧಾನ. ಪೆಟ್ಟಿಗೆಯನ್ನು ಚಾವಡಿಯ ನಡುವಿನ ಕಪಾಟಿನ ಮೇಲಿಟ್ಟ ಮೇಲೆ ಕೋಣೆಯಲ್ಲಿ 47 ಬಂತು. ಊರೆಲ್ಲ ಪರದೆಯ ಮುಂದೆ ಕೂರುವ ರಾತ್ರಿ 8 ಗಂಟೆಗೂ 38ಕ್ಕಿಂತ ಇಳಿಯಲಿಲ್ಲ.

ಹಳೆಯ ಸಂಪರ್ಕವನ್ನು ಹೀಗೆ ತಂತಿ ಹಾಕಿ ಅಳೆಯದೆ ಬಿಟ್ಟದ್ದು ನನ್ನ ತಪ್ಪು. ಪ್ರಯೋಗದಲ್ಲಿ ಒಮ್ಮೆಗೆ ಒಂದನ್ನೇ ಬದಲಾಯಿಸಬೇಕೆಂದು ತರಗತಿಯಲ್ಲಿ ವರ್ಷವೂ ಹೇಳುವ ನಾನು ಮನೆಯಲ್ಲಿ ಅದನ್ನೇ ಮರೆತೆ. ತಾಮ್ರದ ದೋಷವೆಷ್ಟು, ಗೋಡೆಯ ದೋಷವೆಷ್ಟು ಎಂದು ಇನ್ನು ತಿಳಿಯುವಂತಿಲ್ಲ.

ಇನ್ನೊಂದು ಲೆಕ್ಕ. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ. 750 ಮೆಗಾಬೈಟಿನ ಪಾಠದ ವೀಡಿಯೋ ಇಳಿಯಲು ಒಂದು ನಿಮಿಷವಾದರೂ ಬೇಕು.

ಕೊನೆಯದಾಗಿ ಒಂದು ಮಾತು. ನಮಗೆ ಕೊಟ್ಟ ಕರಾರು ಪತ್ರ ಇದ್ದದ್ದು ಮಲಯಾಳ ಮತ್ತು ಇಂಗ್ಲಿಷಿನಲ್ಲಿ. 100ರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ವರೆಗೆ' ಎಂಬರ್ಥದ ಶಬ್ದವಿತ್ತು. ಸಹಿ ಹಾಕಿದ ಮೇಲೆ ಅದನ್ನು ಓದಿಸಿಕೊಂಡೆ. ನೀವು ಮೊದಲೇ ಓದಿಸಿಕೊಳ್ಳಿ; ಅರ್ಥವಾಗದ್ದನ್ನು ಕೇಳಲು ಸಂಕೋಚ ಬೇಡ. ಕನ್ನಡದಲ್ಲಿ ಕೇಳಿದರೆ ನಮ್ಮ ಗೌರವವೇನೂ ಕಡಿಮೆಯಾಗುವುದಿಲ್ಲ. ಮಗಳು ಈಗ ಅಭ್ಯಾಸ ಪರೀಕ್ಷೆಯನ್ನು ಪೂರ್ತಿ ಬರೆದು ಮುಗಿಸುತ್ತಾಳೆ. ತಪ್ಪಿದ ಉತ್ತರಕ್ಕೆ ದೂರಲು ಇಂಟರ್‌ನೆಟ್ ಸಿಗುವುದಿಲ್ಲವೆಂಬುದೊಂದೇ ಅವಳ ಬೇಸರ.