ಬೇಟೆಯ ಕತೆ ಓದಿ ಬೆಟ್ಟ ಹತ್ತಿದವರು

ನಾನು ಕನ್ನಡ ಪಾಠ ಮಾಡುವ ಹೈಸ್ಕೂಲು ಕಕ್ಕಬ್ಬೆಯ ಕಡೆ ಇದೆ. ನಮ್ಮ ಲೈಬ್ರರಿ ಬೀರುವಿನಲ್ಲಿ ಎಲ್ಲಕ್ಕಿಂತ ಮೊದಲು ಬೈಂಡು ಕಿತ್ತುಹೋಗುವುದು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’. ಕೆನೆತ್ ಆಂಡರ್ಸನ್ ಬರೆದ ಬೇಟೆಯ ಅನುಭವಗಳನ್ನು ತೇಜಸ್ವಿ ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದರು. ‘ಬೆಳ್ಳಂದೂರಿನ ನರಭಕ್ಷಕ’ ಓದಿ ವಾಪಸು ತಂದ ಹುಡುಗನೊಬ್ಬ, “ಸಾರ್, ಮುಸುವ ಕೂಗೋದನ್ನ ಕೇಳಿ ಹುಲಿ ಯಾವ ಕಡೆ ಹೋಗ್ತಿದೆ ಅಂತ ನಮ್ಗೂ ಗೊತ್ತಾಗುತ್ತಾ?” ಎಂದು ಕೇಳಿದ. ಕೋವಿಯ ಬಗ್ಗೆ ಅವನು ಒಂದು ಮಾತೂ ಕೇಳಲಿಲ್ಲ.

ಕೊಡಗಿನ ಮಕ್ಕಳಿಗೆ ಕಾಡು ತೋರಿಸಲು ಪುಸ್ತಕ ಬೇಕೇ ಎಂದು ನೀವು ಕೇಳಬಹುದು. ಬೇಕು. ಮನೆಯಲ್ಲಿ ಕಾಡಿನ ಮಾತು ಬಂದರೆ ಅದು ಆನೆ ತೋಟಕ್ಕೆ ನುಗ್ಗಿದ ಸುದ್ದಿ, ಹಂದಿ ಗದ್ದೆ ಹಾಳು ಮಾಡಿದ ಸುದ್ದಿ. ನಷ್ಟ ಮತ್ತು ಭಯ, ಎರಡೇ. ಆಂಡರ್ಸನ್ ಕತೆಯಲ್ಲಿ ಗುಂಡು ಹಾರುವುದು ಒಂದು ಕ್ಷಣ. ಅದಕ್ಕೆ ಮುಂಚಿನ ಪುಟಗಳೆಲ್ಲ ಮಚಾನಿನ ಮೇಲೆ ಅಲ್ಲಾಡದೆ ಕೂತು ಕಾಯುವುದು, ಹೆಜ್ಜೆ ಗುರುತು ಹಳೆಯದೋ ಹೊಸದೋ ಎಂದು ನೋಡುವುದು, ಕತ್ತಲಿಗೆ ಕಿವಿಗೊಡುವುದು. ಓದಿದ ಮಗುವಿಗೆ ಭಯದ ಜಾಗದಲ್ಲಿ ಕುತೂಹಲ ಹುಟ್ಟುತ್ತದೆ.

ತೇಜಸ್ವಿಯವರದೇ ‘ಕರ್ವಾಲೊ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಡುತ್ತಾರೆ. ಅವರಿಗೆ ದಾರಿ ತೋರುವುದು ಹಳ್ಳಿಯ ಜೇನು ಹುಡುಗ ಮಂದಣ್ಣ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಕ್ಕಳು ಮಂದಣ್ಣನ ಬಗ್ಗೆ ಮಾತಾಡುವಾಗ ಮುಖ ಅರಳುವುದನ್ನು ನಾನು ತರಗತಿಯಲ್ಲಿ ನೋಡಿದ್ದೇನೆ. ಹಾರುವ ಓತಿ ನಮ್ಮ ಪಶ್ಚಿಮ ಘಟ್ಟದಲ್ಲಿ ಈಗಲೂ ಇದೆ. ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ ಎಂದರೆ, ಮಕ್ಕಳು ಅಡಿಕೆ ಮರ ಕಂಡಲ್ಲೆಲ್ಲ ತಲೆ ಎತ್ತಿ ನಿಲ್ಲುತ್ತಾರೆ.

ಹಿಂದೆ ಇಲ್ಲಿ ಸಾಹಸವೆಂದರೆ ಬೇಟೆ. ಹುಲಿ ಹೊಡೆದವನನ್ನು ಮದುವಣಿಗನಂತೆ ಸಿಂಗರಿಸಿ ‘ನರಿ ಮಂಗಲ’ (ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ) ಮಾಡುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ನಂತರ ಆ ಕಾಲ ಮುಗಿಯಿತು. ಆದರೆ ಸಾಹಸ ಮುಗಿಯಲಿಲ್ಲ. ನಮ್ಮ ದಕ್ಷಿಣ ಕೊಡಗಿನವರೇ ಆದ ಕೆ. ಎಂ. ಚಿಣ್ಣಪ್ಪನವರು 1967ರಲ್ಲಿ ಅರಣ್ಯ ಇಲಾಖೆ ಸೇರಿ, ನಾಗರಹೊಳೆಯಲ್ಲಿ ಉರುಳು ಕಿತ್ತು, ಕಳ್ಳಬೇಟೆಯವರನ್ನು ಎದುರು ಹಾಕಿಕೊಂಡು ಕಾಡು ಉಳಿಸಿದರು. ಅದೇ ಕಾಡಿನಲ್ಲಿ ಉಲ್ಲಾಸ ಕಾರಂತರು 1990ರಲ್ಲಿ ಹುಲಿಯ ಕೊರಳಿಗೆ ರೇಡಿಯೊ ಪಟ್ಟಿ ತೊಡಿಸಿ ಅದರ ಜಾಡು ಹಿಡಿದರು. ಚಿಣ್ಣಪ್ಪನವರ ಬದುಕನ್ನು ಟಿ. ಎಸ್. ಗೋಪಾಲ್ ‘ಕಾಡಿನೊಳಗೊಂದು ಜೀವ’ ಎಂಬ ಪುಸ್ತಕದಲ್ಲಿ ನಿರೂಪಿಸಿದ್ದಾರೆ. ಆಂಡರ್ಸನ್ ಓದಿದ ಮಕ್ಕಳ ಕೈಗೆ ನಾನು ಮುಂದೆ ಕೊಡುವುದು ಅದನ್ನೇ. ಒಬ್ಬ ಹುಲಿ ಹೊಡೆಯಲು ಕಾದ, ಇನ್ನೊಬ್ಬರು ಹುಲಿ ಉಳಿಸಲು ಕಾದರು. ಎರಡಕ್ಕೂ ಒಂದೇ ಧೈರ್ಯ ಬೇಕು ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ತಡಿಯಂಡಮೋಳ್ ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ, 1,748 ಮೀಟರ್. ನಾಲ್ಕುನಾಡು ಅರಮನೆಯ ಬಳಿಯಿಂದ ದಾರಿ. ಓದಿದ ಮಕ್ಕಳನ್ನು ಕರೆದುಕೊಂಡು ಹತ್ತಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಉಳಿದವರು ತುದಿ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ; ಇವರು ಶೋಲಾ ಕಾಡಿನ ನೆರಳಿನಲ್ಲಿ ಸದ್ದಿಲ್ಲದೆ ನಿಂತು ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು ಕೇಳುತ್ತಾರೆ.

ತಂದೆತಾಯಿಯರಲ್ಲಿ, ನನ್ನ ಜೊತೆಯ ಮೇಷ್ಟರುಗಳಲ್ಲಿ ಒಂದು ಬೇಡಿಕೆ. ದಸರಾ ರಜೆಗೆ ಮುಂಚೆ ಈ ಪುಸ್ತಕಗಳಲ್ಲಿ ಒಂದನ್ನು ಮಕ್ಕಳಿಗೆ ಕೊಡಿ. ಓದಿ ಮುಗಿಸಿದ ಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಆನೆದಾರಿ ಬಲ್ಲ ಊರಿನವರೊಬ್ಬರನ್ನು ಜೊತೆಗಿಟ್ಟುಕೊಂಡು, ಬೆಳಿಗ್ಗೆ ಬೇಗ ಹೊರಡಿ. ಮೊಬೈಲು ಚೀಲದಲ್ಲೇ ಇರಲಿ.